ಏಳನೆಯ ವಾರದ ಮೀನು

ಆರು ವಾರ ಚೀಟಿ ಎತ್ತಿದರು, ಆರು ವಾರವೂ ಎವರಿಸ್ತುವಿನ ಹೆಸರು ಬರಲಿಲ್ಲ.

ಈಸ್ಟರ್ ಕಳೆದ ಮೇಲೆ ಏಳು ವಾರ ಪವಿತ್ರಾತ್ಮದ ಬೆಳ್ಳಿ ಕಿರೀಟ ನಮ್ಮ ಓಣಿಗಳಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಯಾರ ಚೀಟಿ ಬಂತೋ ಅವರ ಮನೆಯ ಮುಂಗೋಣೆಯಲ್ಲಿ ವಾರವಿಡೀ ಅದಕ್ಕೆ ಹೂವು, ಮೇಣದಬತ್ತಿ, ಸಂಜೆಗೆ ಜಪ. ಜಪ ಮುಗಿದ ಮೇಲೆ ಬಂದವರಿಗೆಲ್ಲ ಸಿಹಿ ಬ್ರೆಡ್ಡು ಮತ್ತು ವೈನು. ಏಳನೆಯ ವಾರಕ್ಕೆ ಮಾತ್ರ ಚೀಟಿ ಇಲ್ಲ. ಅದನ್ನು ನದಿ ತೀರ್ಮಾನಿಸುತ್ತದೆ. ಪೋರ್ಚುಗಲ್ಲಿನ ಅಸೋರಿಸ್ ದ್ವೀಪಗಳಿಂದ ಅಮೆರಿಕಕ್ಕೆ ಬಂದು ಫಾಲ್ ರಿವರ್‌ನ ಹತ್ತಿ ಗಿರಣಿಗಳಲ್ಲಿ ಬೆನ್ನು ಮುರಿದುಕೊಂಡ ನಮ್ಮ ಅಜ್ಜಂದಿರು ಮಾಡಿಟ್ಟ ಕಟ್ಟಳೆ ಇದು. ಪವಿತ್ರಾತ್ಮದ ಹಬ್ಬಕ್ಕೆ ಒಂದು ವಾರ ಇರುವಾಗ ಬರುವ ಶನಿವಾರ, ಟಾಂಟನ್ ನದಿಯಲ್ಲಿ ಎಲ್ಲರಿಗಿಂತ ದೊಡ್ಡ ಪಟ್ಟೆಮೀನು ಹಿಡಿದವನ ಮನೆಗೆ ಕಿರೀಟ. ಮೀನನ್ನು ಈಗ ಹಬ್ಬ ನಡೆಸುವ ನಮ್ಮ ಸಂಘದ ಅಂಗಳದಲ್ಲಿ ಎಲ್ಲರ ಎದುರು ಕೊಯ್ದು ಇಲ್ಲದವರ ಮನೆಗಳಿಗೆ ಹಂಚಬೇಕು. ಹಿಡಿದವನಿಗೆ ಸಾರಿಗೆ ತಲೆ ಸಿಗುತ್ತದೆ, ಅಷ್ಟೇ.

ಎವರಿಸ್ತುವಿಗೆ ಆ ತಲೆಯ ಸಾರಿನ ರುಚಿ ಗೊತ್ತಿತ್ತು, ಆದರೆ ಯಾವಾಗಲೂ ಬೇರೆಯವರ ಮನೆಯದು. ಮೀಸೆ ಬಂದ ದಿನದಿಂದ ಆ ನದಿಯಲ್ಲಿ ಗಾಳ ಹಾಕಿದ್ದಾನೆ, ಗೆದ್ದದ್ದು ಒಂದು ಸಲವೂ ಇಲ್ಲ. ಅದಕ್ಕಾಗಿ ಅವನು ಹಿಂದೆಂದೂ ತಲೆ ಕೆಡಿಸಿಕೊಂಡವನಲ್ಲ. ಈ ವರ್ಷದ ಮಾತು ಬೇರೆ. ಹೆಂಡತಿ ದೆಯೊಲಿಂದಾಳ ಹೃದಯ ದಣಿದಿತ್ತು. ಕ್ರಿಸ್ಮಸ್ ಪೂಜೆಗೆ ಹೋಗಿ ಬಂದವಳು ಮತ್ತೆ ಮೂರನೆಯ ಮಹಡಿಯಿಂದ ಕೆಳಗಿಳಿದಿರಲಿಲ್ಲ. ಡಾಕ್ಟರು ಸುತ್ತಿ ಬಳಸದೆ ಹೇಳಿದ್ದರು. ಅವಳೂ ಸುತ್ತಿ ಬಳಸದೆ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಲೇ ಗಂಡನಿಗೆ ಹೇಳಿದ್ದಳು.

“ಮುಂದಿನ ವರ್ಷದ ಕಿರೀಟ ನನಗಿಲ್ಲ ಎವರಿಸ್ತು. ಬೇರೆಯವರ ಮನೇಗೆ ಹೋಗಿ ನೋಡೋ ಕಾಲಾನೂ ಮುಗೀತು. ಅದೇ ಈ ಮೆಟ್ಟಿಲು ಹತ್ತಿ ಬಂದ್ರೆ ಬರಬೇಕು.”

ಮೊದಲ ಚೀಟಿ ಎತ್ತುವ ಮುಂಚೆಯೇ ಅವಳು ಮುಂಗೋಣೆಯ ಗೋಡೆ ಒರೆಸಿದ್ದಳು, ತಾಯಿ ಹೆಣೆದ ಲೇಸಿನ ಬಟ್ಟೆ ಇಸ್ತ್ರಿ ಮಾಡಿ ಮೇಜಿನ ಮೇಲೆ ಹಾಸಿದ್ದಳು. ಆರು ವಾರ ಆ ಮೇಜು ಖಾಲಿ ಇತ್ತು. ಯಾರೂ ಅದರ ಮೇಲೆ ಒಂದು ಲೋಟವನ್ನೂ ಇಡುವಂತಿರಲಿಲ್ಲ. ಎವರಿಸ್ತು ಅದರ ಪಕ್ಕದಲ್ಲಿ ಹಾಯುವಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸುತ್ತಿದ್ದ.

ಶನಿವಾರ ಬೆಳಗ್ಗೆ ದೊಡ್ಡ ಸೇತುವೆಯ ಕೆಳಗೆ ಲಂಗರು ಹಾಕಿ ಕೂತವರು ಇಬ್ಬರು, ಎವರಿಸ್ತು ಮತ್ತು ಅವನ ಭಾಮೈದ ಬೆಲ್ಮಿರೊ. ದೆಯೊಲಿಂದಾಳ ಒಬ್ಬನೇ ತಮ್ಮ. ಮದುವೆಯಾಗಲಿಲ್ಲ, ಅಕ್ಕನ ಮನೆಯ ಕೆಳಮಹಡಿಯಲ್ಲೇ ಒಂದು ಕೋಣೆ, ಊಟ ಮೇಲೆ. ಭಾವ ಭಾಮೈದರು ಒಂದೇ ದೋಣಿಯಲ್ಲಿ ಕೂತು ಮುದುಕರಾದವರು. ಇಳಿತ ಶುರುವಾಗಿತ್ತು. ನೀರು ಸೇತುವೆಯ ಕಂಬಗಳ ನಡುವೆ ಕೊಲ್ಲಿಯ ಕಡೆಗೆ ಭರಭರ ಎಳೆಯುತ್ತಿತ್ತು. ಅಕ್ಕಪಕ್ಕದಲ್ಲಿ ಸಂಘದವರ ದೋಣಿಗಳೇ, ಎಲ್ಲರೂ ಎಲ್ಲರ ಕೈಯನ್ನೇ ಕಳ್ಳಗಣ್ಣಿನಲ್ಲಿ ನೋಡುತ್ತಿದ್ದರು.

ಜೂನ್ ತಿಂಗಳಲ್ಲಿ ಪೋಗಿ ಎನ್ನುವ ಎಣ್ಣೆಮೀನು ಗುಂಪು ಗುಂಪಾಗಿ ನದಿಗೆ ಬರುತ್ತದೆ, ಅದರ ಬೆನ್ನು ಹತ್ತಿ ಪಟ್ಟೆಮೀನು. ಎರೆಗೆ ಪೋಗಿಯೇ ಆಗಬೇಕು. ಆದರೆ ಇಳಿತದ ಆ ಎಳೆತಕ್ಕೆ ಸತ್ತ ಪೋಗಿ ಮೇಲೆಯೇ ತೇಲಿ ಹೋಗುತ್ತದೆ, ದೊಡ್ಡ ಮೀನು ಕೂತಿರುವುದು ತಳದಲ್ಲಿ. ಹಾಗಾಗಿ ಪೋಗಿಯ ಗಂಟಲಿಗೆ ಸೀಸದ ಗಟ್ಟಿಯೊಂದನ್ನು ತುರುಕಿ, ಬಾಯಿಯನ್ನು ಸಣ್ಣ ತಂತಿಯಿಂದ ಹೊಲಿದು, ಗಾಳ ಸಿಕ್ಕಿಸಿ ಇಳಿಬಿಡುತ್ತೇವೆ. ಸೀಸ ಎರಕ ಹೊಯ್ಯಲು ಒಬ್ಬೊಬ್ಬರದು ಒಂದೊಂದು ಅಚ್ಚು. ಕೆಲವರದು ಹಳೇ ಚಮಚ, ಕೆಲವರದು ತಾಮ್ರದ ಕೊಳವೆಯ ತುಂಡು. ಆಡೆಲಿನೊ ಎನ್ನುವವನದು ಅವನ ತಾಯಿ ಹೊಲಿಗೆ ಮಾಡುವಾಗ ಬೆರಳಿಗೆ ಹಾಕುತ್ತಿದ್ದ ಟೋಪಿ. ಆ ಬೆರಳಟೋಪಿಯಿಂದಲೇ ಮೂರು ಸಲ ಕಿರೀಟ ಮನೆಗೆ ಒಯ್ದೆ ಎಂದು ಅವನು ಸಿಕ್ಕವರಿಗೆಲ್ಲ ಹೇಳುತ್ತಾನೆ.

“ಭಾವ, ಅದಕ್ಕೆ ಇನ್ನೂ ಎಷ್ಟು ಹೊಲಿಗೆ ಹಾಕ್ತೀಯ?” ಎಂದ ಬೆಲ್ಮಿರೊ. “ಮೀನಿಗೆ ಎರೆ ಮಾಡ್ತಿದ್ದೀಯೋ, ಮದುವೆಗೆ ಅಂಗಿ ಹೊಲೀತಿದ್ದೀಯೋ?”

“ನೀನು ಸುಮ್ನಿರು. ಗಿರಣೀಲಿ ಜನ್ಮವಿಡೀ ನೂಲು ಕಟ್ಟಿದ ಕೈ ಇದು.”

“ಅದಕ್ಕೇ ಇರಬೇಕು ಗಿರಣಿ ಮುಚ್ಚಿದ್ದು.”

ಆಡೆಲಿನೊನ ದೋಣಿ ಪಕ್ಕದಲ್ಲೇ ಹಾದುಹೋಯಿತು. ಅವನ ಬಾಯಿಗೆ ದೇವರು ಬೀಗ ಇಟ್ಟಿಲ್ಲ.

“ಎವರಿಸ್ತು, ತಲೆ ಸಾರಿಗೆ ಪಾತ್ರೆ ತೊಳ್ಕೊಂಡು ಇಟ್ಟಿದ್ದೀಯೋ? ಇಲ್ಲ ಎಂದಿನ ಹಾಗೆ ನಮ್ಮನೇಗೇ ಬಂದುಬಿಡು, ಬಟ್ಟಲು ನಿಂದೇ ತಾ.”

ಬೇರೆ ವರ್ಷವಾಗಿದ್ದರೆ ಎವರಿಸ್ತು ತಿರುಗಿ ನಾಲ್ಕು ಮಾತು ಬಿಟ್ಟಿರುತ್ತಿದ್ದ. ಈ ಸಲ ಗಾಳ ಇಳಿಬಿಟ್ಟ. ತಳಕ್ಕೆ ಸೀಸ ತಾಗಿದ್ದು ಕೈಗೆ ತಿಳಿಯಿತು. ಕೋಲು ಎತ್ತಿದ, ಬಿಟ್ಟ. ಎತ್ತಿದ, ಬಿಟ್ಟ. ಬಿಸಿಲು ಏರಿತು, ಬೆಲ್ಮಿರೊ ಮಸಾಲೆ ಸಾಸೇಜು ತುಂಬಿದ ಬ್ರೆಡ್ಡು ಬಿಚ್ಚಿದ, ಅರ್ಧ ಭಾವನಿಗೆ ಚಾಚಿದ. ಚಾಚಿದ ಕೈ ಹಾಗೆಯೇ ಉಳಿಯಿತು. ಎವರಿಸ್ತುವಿನ ಕೋಲು ಎತ್ತಿದಲ್ಲೇ ಬಾಗಿ ತುದಿ ನೀರಿಗೆ ತಾಗುತ್ತಿತ್ತು.

ಆಮೇಲಿನದ್ದನ್ನು ಎವರಿಸ್ತುವಿಗೆ ಪೂರ್ತಿ ನೆನಪಿಟ್ಟುಕೊಳ್ಳಲಾಗಲಿಲ್ಲ. ಮೀನು ಮೊದಲು ಇಳಿತದ ಜೊತೆ ಓಡಿತು, ದಾರದ ಸುರುಳಿ ಬೆರಳು ಸುಟ್ಟಿತು. ಆಮೇಲೆ ಕಂಬದ ಕಡೆ ತಿರುಗಿತು. ಕಂಬಕ್ಕೆ ಸುತ್ತಿಕೊಂಡರೆ ಕಥೆ ಮುಗಿಯಿತು. ಬೆಲ್ಮಿರೊ “ಎಳಿಬೇಡ, ಎಳಿಬೇಡ, ಬಿಡು” ಎನ್ನುತ್ತಿದ್ದ, ಎವರಿಸ್ತು ಬಿಡಲಿಲ್ಲ. ತೋಳು ಕಿತ್ತು ಹೋಗುತ್ತದೆ ಎಂದು ತೋರಿದಾಗ ಮೀನೇ ಮನಸ್ಸು ಬದಲಿಸಿ ಈಚೆ ಬಂತು. ಕೊನೆಗೆ ದೋಣಿಯ ಪಕ್ಕದಲ್ಲಿ ಅದರ ಬದಿ ಕಂಡಿತು. ಬೆಳ್ಳಿಯ ಮೇಲೆ ಕಪ್ಪು ಗೆರೆಗಳು, ನೇರವಾಗಿ, ತಲೆಯಿಂದ ಬಾಲದವರೆಗೆ. ಅದು ಕೈಬಲೆಯಲ್ಲಿ ಹಿಡಿಸಲಿಲ್ಲ. ಬೆಲ್ಮಿರೊ ಎರಡೂ ಕೈಯನ್ನು ಕಿವಿರಿಗೆ ಹಾಕಿ, ಅದನ್ನು ತಬ್ಬಿಕೊಂಡೇ ದೋಣಿಯೊಳಗೆ ಅಂಗಾತ ಬಿದ್ದ.

ಆಡೆಲಿನೊ ತನ್ನ ದೋಣಿಯಲ್ಲಿ ಎದ್ದು ನಿಂತು ನೋಡುತ್ತಿದ್ದ.

“ಅಕ್ಕನ ಮೇಜು,” ಎಂದ ಬೆಲ್ಮಿರೊ, ಅಷ್ಟೇ. ಅಂದವನೇ ಲಂಗರು ಬಿಡಿಸಲು ದೋಣಿಯ ಮುಂದಕ್ಕೆ ಹೋದ. ಹಾಳು ಲಂಗರು ತಳದಲ್ಲಿ ಯಾವುದೋ ಹಳೇ ಮರಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಬೈದು, ಜಗ್ಗಿ, ಬಿಡಿಸುವಷ್ಟು ಹೊತ್ತೂ ಅವನ ಬೆನ್ನು ಇತ್ತ ಇತ್ತು. ಎವರಿಸ್ತು ಒದ್ದೆ ಗೋಣಿಚೀಲ ಹೊದೆಸಿದ ಮೀನಿನ ಪಕ್ಕ ಮೊಣಕಾಲೂರಿ ಕೂತು, ಚೀಲದೊಳಗೆ ಕೈ ಇಟ್ಟು, ಮಗುವಿನ ಹಾಗೆ ಅತ್ತ.

ದಡ ಸೇರಿದ ಮೇಲೆ ಬೆಲ್ಮಿರೊ ಮೀನನ್ನು ತನ್ನ ಟ್ರಕ್ಕಿನಲ್ಲಿ ಹಾಕಿಕೊಂಡು ಸಂಘಕ್ಕೆ ಹೊರಟ. ಎವರಿಸ್ತು ಅವನ ಜೊತೆ ಹತ್ತಬೇಕಿತ್ತು. ಆದರೆ ಅವನಿಂದ ತಡೆಯಲಾಗಲಿಲ್ಲ. ಬೂಟಿನಲ್ಲಿ ನೀರು ಪಚಪಚ ಎನ್ನುತ್ತಿರುವಾಗಲೇ ಮೂರು ಮಹಡಿ ಹತ್ತಿ ಹೋದ.

“ಹಿಡಿದೆ ದೆಯೊಲಿಂದಾ.”

ಅವಳು ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. “ಎಷ್ಟು ದೊಡ್ಡದು?”

ಅವನು ಕೈ ಅಗಲಿಸಿ ತೋರಿಸಿದ.

“ಅಷ್ಟು ಬೇಡ, ನಾನು ನಿನ್ನ ಹೆಂಡತಿ. ನಿಜ ತೋರಿಸು.”

“ದೇವರಾಣೆಗೂ ಇಷ್ಟೇ ಇದೆ.”

ಅವಳು ಅವನ ಒದ್ದೆ ಕೈಗಳ ನಡುವಿನ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಏಪ್ರನ್ನಿನ ತುದಿ ಎತ್ತಿ ಕಣ್ಣೊರೆಸಿಕೊಂಡು, “ಬೇಕರಿಗೆ ಹೋಗಿ ನಾಳೆಗೆ ಬ್ರೆಡ್ ಹೇಳಿಬಿಡು, ಕಡಿಮೆ ಹೇಳಬೇಡ. ನಮ್ಮನೇಲಿ ಸಾಲಲಿಲ್ಲ ಅಂತ ಯಾರೂ ಅನ್ನಬಾರದು,” ಎಂದಳು.

ಸಂಘದ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಆ ವರ್ಷ ಹಬ್ಬದ ಯಜಮಾನಿಕೆ ಫಿಲೊಮೆನಾಳದು. ಮೀನು ಕೊಯ್ಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದ ಹೆಂಗಸು, ತೂಕವೂ ಅವಳದೇ, ಚಾಕುವೂ ಅವಳದೇ. ಆಡೆಲಿನೊನ ಮೀನು ಆಗಲೇ ಕೊಕ್ಕೆಯಿಂದ ಇಳಿದು ಮೇಜಿನ ಮೇಲೆ ಮಲಗಿತ್ತು. ಅದೂ ಸಣ್ಣದಲ್ಲ. ಎವರಿಸ್ತುವಿನದನ್ನು ಕೊಕ್ಕೆಗೆ ಹಾಕಿದಾಗ ತಕ್ಕಡಿಯ ಮುಳ್ಳು ಆಡೆಲಿನೊನ ಗುರುತನ್ನು ದಾಟಿ, ಇನ್ನೂ ದಾಟಿ ಹೋಗಿ ನಡುಗುತ್ತ ನಿಂತಿತು. ಚಪ್ಪಾಳೆ ಬಿತ್ತು. ಹೆಂಗಸರು ದೆಯೊಲಿಂದಾಳ ಹೆಸರು ಹೇಳಿ ಶಿಲುಬೆಯ ಗುರುತು ಮಾಡಿಕೊಂಡರು. ಆಡೆಲಿನೊ ಕೂಡ ಬಂದು ಕೈ ಕುಲುಕಿದ, ಮುಖ ಮಾತ್ರ ಹುಳಿಯಾಗಿತ್ತು.

“ಮೀನಿಗೂ ಮುದುಕರ ಮೇಲೆ ಕನಿಕರ ಬಂತು,” ಎಂದ.

ಫಿಲೊಮೆನಾ ಮೀನನ್ನು ಹಲಗೆಗೆ ಹಾಕಿ, ಕೆಳಗೆ ಎನಾಮೆಲ್ ಬೋಗುಣಿ ಇಟ್ಟು, ಹೊಟ್ಟೆಯ ಉದ್ದಕ್ಕೂ ಒಂದೇ ಎಳೆತಕ್ಕೆ ಸೀಳಿದಳು. ಕರುಳು ಜಾರಿತು. ಬೊಗಸೆ ತುಂಬುವಷ್ಟು ಊದಿದ ಜಠರವನ್ನು ಕೈಯಲ್ಲಿ ಎತ್ತಿಕೊಂಡವಳು ಹುಬ್ಬು ಗಂಟಿಕ್ಕಿದಳು, ಅದು ಕಲ್ಲಿನ ಹಾಗೆ ಭಾರವಿತ್ತಂತೆ. ಚಾಕುವಿನ ತುದಿ ತಾಗಿಸಿದಳು.

ಬೋಗುಣಿಗೆ ಸೀಸ ಬಿತ್ತು. ಟಣ್ ಎಂದು ಒಂದು. ಮತ್ತೊಂದು. ಆಮೇಲೆ ಒಟ್ಟಿಗೇ ಒಂದು ಹಿಡಿ, ಬೋಗುಣಿ ಬಡಿದುಕೊಂಡಿತು.

ಎವರಿಸ್ತು ಬೋಗುಣಿಯನ್ನು ನೋಡಿದ. ಲೋಳೆ ಮೆತ್ತಿದ ಬೂದು ಗಟ್ಟಿಗಳು. ಅವು ಏನೆಂದು ಅವನ ಕಣ್ಣಿಗೆ ಗೊತ್ತಾಯಿತು, ತಲೆಗೆ ಗೊತ್ತಾಗಲಿಲ್ಲ.

ಹಿಂದೊಮ್ಮೆ ಹೀಗೆಯೇ ಒಬ್ಬ ಮೀನಿನ ಗಂಟಲಿಗೆ ಸೀಸ ಸುರಿದು ತೂಕ ಏರಿಸಿ ಕಿರೀಟ ಹೊತ್ತುಕೊಂಡು ಹೋಗಿದ್ದ. ಆಗೆಲ್ಲ ಮೀನನ್ನು ಗೆದ್ದವನ ಮನೆಯಲ್ಲೇ ಕೊಯ್ಯುತ್ತಿದ್ದರು. ಸುದ್ದಿ ಬಯಲಾದ ಮೇಲೆ ಆ ಮನುಷ್ಯ ಮನೆ ಮಾರಿ ಊರು ಬಿಟ್ಟ. ಅವನ ಹೆಸರನ್ನು ಸಂಘದಲ್ಲಿ ಇವತ್ತಿಗೂ ಯಾರೂ ಎತ್ತುವುದಿಲ್ಲ, ಅವನ ತಾಯಿ ಸತ್ತಾಗ ಹೆಣ ಹೊರಲು ಜನ ಕಡಿಮೆ ಬಿದ್ದಿದ್ದರು. ಚರ್ಚಿನ ಕಾಣಿಕೆ ಡಬ್ಬಿ ಕದ್ದವನನ್ನು ನಮ್ಮವರು ಕ್ಷಮಿಸಿದ್ದುಂಟು. ಪವಿತ್ರಾತ್ಮದ ಕಿರೀಟದ ವಿಷಯದಲ್ಲಿ ಹಾಗಲ್ಲ.

“ಎವರಿಸ್ತು,” ಎಂದಳು ಫಿಲೊಮೆನಾ, ಮೆಲ್ಲಗೆ. “ಇದೇನಪ್ಪಾ ಇದು?”

ಅವನು ಬೋಗುಣಿಯ ಹತ್ತಿರ ಬಗ್ಗಿದ.

“ಏನಂತ ಹೇಳ್ತಾನೆ?” ಎಂದ ಆಡೆಲಿನೊ. “ನಮ್ಮ ಕಣ್ಣಿಗೆ ಮಣ್ಣೆರಚಿದ್ದಲ್ಲದೆ ದೇವರ ಕಣ್ಣಿಗೂ ಎರಚೋಕೆ ಹೋದ. ಹೆಂಡತಿ ಕಾಯಿಲೆ ಅಂತ ನಾವೆಲ್ಲ ಅಯ್ಯೋ ಅಂದ್ಕೊಂಡು ಕೂತಿದ್ದೀವಿ.”

“ಅವಳ ಮಾತು ಎತ್ತಬೇಡ,” ಎಂದಿತು ಹಿಂದಿನಿಂದ ಒಂದು ಗಂಟಲು.

ಬೆಲ್ಮಿರೊ ಮುಂದಕ್ಕೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ, ಮುಖ ಸುಣ್ಣದ ಹಾಗಿತ್ತು.

“ನಾನು ಹಾಕಿದ್ದು,” ಎಂದ. “ಟ್ರಕ್ಕಲ್ಲಿ. ಭಾವ ಅಕ್ಕನಿಗೆ ಹೇಳೋಕೆ ಮನೆಗೆ ಹೋಗಿದ್ದ. ಅವನಿಗೇನೂ ಗೊತ್ತಿಲ್ಲ. ಅವನನ್ನ ಏನೂ ಅನ್ನಬೇಡಿ.”

ಆಗ ಎವರಿಸ್ತುವಿನ ತಲೆಗೆ ಎಲ್ಲ ಒಮ್ಮೆಲೇ ಹತ್ತಿತು. ತಾನು ಮೆಟ್ಟಿಲು ಹತ್ತಿದ್ದು, ಟ್ರಕ್ಕು ಹೋದದ್ದು, ಅದರಲ್ಲಿ ಬೆಲ್ಮಿರೊನ ಸೀಸದ ಡಬ್ಬಿ ಇದ್ದದ್ದು. ಮೂರನೆಯ ಮಹಡಿಯಲ್ಲಿ ಆ ಹೆಂಗಸು ಬಂದವರಿಗೆ ಬ್ರೆಡ್ಡು ಸಾಲುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತ ಕೂತಿದ್ದಾಳೆ. ಅವನ ಕೈ ತಾನಾಗಿಯೇ ಎದ್ದಿತು. ಕಪಾಳಕ್ಕೆ ಬಿದ್ದ ಏಟಿಗೆ ಬೆಲ್ಮಿರೊನ ಟೋಪಿ ಕೆಳಗೆ ಬಿತ್ತು. ಇಬ್ಬರ ನಡುವೆ ಅಂಥದ್ದು ಹಿಂದೆಂದೂ ನಡೆದಿರಲಿಲ್ಲ.

“ಸಾಯೋ ಹೆಂಗಸು ಕದ್ದು ತಂದ ಕಿರೀಟದ ಮುಂದೆ ಮಂಡಿ ಊರಬೇಕಿತ್ತಾ?”

“ಅವಳು ನನಗೆ ಅಕ್ಕ, ಭಾವ.”

“ಇವತ್ತಿನಿಂದ ಅಲ್ಲ. ನನ್ನ ಮನೆ ಮೆಟ್ಟಿಲು ಹತ್ತಬೇಡ. ಅವಳ ಹೆಣಕ್ಕೂ ಬರಬೇಡ.”

ಬೆಲ್ಮಿರೊ ತಲೆ ತಗ್ಗಿಸಿಕೊಂಡು ನಿಂತ. ಕೆನ್ನೆಯ ಮೇಲೆ ಬೆರಳಿನ ಗುರುತುಗಳು ಎದ್ದಿದ್ದವು. ಅವನು ಅದನ್ನು ಸವರಿಕೊಳ್ಳಲೂ ಇಲ್ಲ.

ಆಡೆಲಿನೊನಿಗೆ ಇದು ಸಾಲದೆ ಹೋಯಿತು. ಬೋಗುಣಿಗೆ ಕೈ ಹಾಕಿ ಒಂದು ಗಟ್ಟಿಯನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಹಿಡಿದ. “ನೋಡಿ, ಎಲ್ಲರೂ ನೋಡ್ಕೊಳ್ಳಿ. ಇಂಥ ಸೀಸ ತಿನ್ನಿಸಿ...” ಎಂದು ಶುರು ಮಾಡಿದವನು ಹೆಬ್ಬೆರಳಿನಿಂದ ಅದರ ಲೋಳೆ ಒರೆಸಿದ. ಮಾತು ಅಲ್ಲೇ ನಿಂತಿತು. ಮತ್ತೆ ಒರೆಸಿದ. ಬಿಸಿಲಿಗೆ ಹಿಡಿದು ನೋಡಿದ. ಸೀಸ ಸವೆದಿತ್ತು, ಆದರೂ ಮೈತುಂಬ ಚುಕ್ಕೆ ಚುಕ್ಕೆ ಗುಳಿಗಳ ಸಾಲು ಕಾಣುತ್ತಿತ್ತು. ಹೊಲಿಗೆಯ ಬೆರಳಟೋಪಿಯ ಗುಳಿಗಳು.

ಆಡೆಲಿನೊ ಬಾಯಿ ಮುಚ್ಚಿಕೊಂಡು ಅದನ್ನು ಬೋಗುಣಿಗೆ ಮತ್ತೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಿರೀಟ ನಾಲ್ಕನೆಯ ಸಲ ಅವನ ಮನೆಗೆ ಹೋಗುತ್ತಿತ್ತು. ನಾನು ಆ ಮನುಷ್ಯನನ್ನು ಬಹಳ ಸಲ ಬೈದಿದ್ದೇನೆ, ಇನ್ನು ಮುಂದೆಯೂ ಬೈಯುತ್ತೇನೆ. ಆದರೆ ಆ ದಿನ ಅವನು ಹಾಗೆ ಮಾಡಲಿಲ್ಲ.

“ಇದು ನಂದು,” ಎಂದ. “ನಮ್ಮಮ್ಮನ ಟೋಪೀದು. ಬೆಲ್ಮಿರೊ, ನನ್ನ ಸೀಸ ನಿನ್ನ ಹತ್ರ ಹೇಗೆ ಬಂತು?”

ಬೆಲ್ಮಿರೊ ತಲೆ ಎತ್ತಿ ಆ ಗಟ್ಟಿಯನ್ನೇ ನೋಡಿದ.

“ನಾನು ಯಾರಿಗೂ ಕೊಟ್ಟವನಲ್ಲ. ಮೀನು ಕಿತ್ಕೊಂಡು ಹೋದ್ರೆ ಮಾತ್ರ ಹೋಗುತ್ತೆ. ಕಳೆದ ವಾರ ಒಂದು ಹೋಯ್ತು. ಆ ಕಂಬದ ಹತ್ರಾನೇ.”

ಫಿಲೊಮೆನಾ ಬೋಗುಣಿಯನ್ನು ನಲ್ಲಿಯ ಕೆಳಗೆ ತೊಳೆದು, ಸೀಸಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಸಾಲಾಗಿಟ್ಟಳು. ಚಮಚದ ಆಕಾರದವು ಎರಡು ಮೂರು, ಕೊಳವೆಯವು, ಒಂದು ಚೌಕ. ಆಮೇಲೆ ಜಠರವನ್ನು ಪೂರ್ತಿ ಬಿಚ್ಚಿದಳು. ಅದರ ಮೂಲೆಯಲ್ಲಿ ಅರ್ಧ ಕರಗಿದ ಪೋಗಿಯೊಂದು ಇನ್ನೂ ಇತ್ತು. ಬಾಯಿ ತಂತಿಯಿಂದ ಹೊಲಿದ ಹಾಗೆಯೇ ಇತ್ತು. ಅದರ ಗಂಟಲು ಒತ್ತಿದಾಗ ಇನ್ನೊಂದು ಸೀಸ ಹೊರಗೆ ಬಂತು.

“ಹೊಟ್ಟೆಬಾಕ,” ಎಂದಳು ಅವಳು. “ಇದು ನಮ್ಮೆಲ್ಲರ ಎರೇನೂ ತಿಂದಿದೆ ಕಣ್ರೋ. ಯಾರೂ ಏನೂ ಹಾಕಿಲ್ಲ.”

ಗಂಡಸರು ಒಬ್ಬೊಬ್ಬರಾಗಿ ಹಲಗೆಯ ಹತ್ತಿರ ಬಂದರು. ಇದು ನಂದು, ಇದು ನಮ್ಮಣ್ಣಂದು. ಯಾರೋ ಮೊದಲು ನಕ್ಕರು, ಆಮೇಲೆ ಅಂಗಳವೆಲ್ಲ ನಕ್ಕಿತು. ಸೀಸ ತೆಗೆದ ಮೇಲೆಯೂ ಮೀನು ಆಡೆಲಿನೊನದಕ್ಕಿಂತ ಹೆಚ್ಚೇ ತೂಗಿತು. ಆಡೆಲಿನೊ ಎವರಿಸ್ತುವಿನ ಎರಡೂ ಕೈ ಹಿಡಿದು, “ನನ್ನ ಬಾಯಿಗೆ ಹುಳ ಬೀಳ್ಲಿ, ಕ್ಷಮಿಸು,” ಎಂದ. ಎವರಿಸ್ತುವಿಗೆ ಅದು ಕೇಳಿಸಲಿಲ್ಲ. ಅವನು ಬೆಲ್ಮಿರೊನನ್ನು ಹುಡುಕುತ್ತಿದ್ದ.

ಬೆಲ್ಮಿರೊ ನಲ್ಲಿಯ ಹತ್ತಿರ ಟೋಪಿಯ ಮಣ್ಣು ತೊಳೆಯುತ್ತಿದ್ದ.

“ಯಾಕೆ ಹಂಗೆ ಹೇಳಿದೆ? ಮಾಡದೆ ಇರೋದನ್ನ ಮಾಡ್ದೆ ಅಂತ ಯಾಕೆ ಹೇಳಿದೆ?”

“ನೀನು ಹಾಕಿದ್ದೀಯ ಅಂದ್ಕೊಂಡೆ ಭಾವ. ನಾನು ಲಂಗರು ಬಿಡಿಸ್ತಿದ್ನಲ್ಲ, ಆಗ. ತಿರುಗಿ ನೋಡ್ದಾಗ ಚೀಲದೊಳಗೆ ನಿನ್ನ ಕೈ ಇತ್ತು.”

“ನಾನು ಅಳ್ತಿದ್ದೆ.”

“ಅದೂ ಕಾಣಿಸ್ತು. ಪಾಪ ಮಾಡ್ತಿದ್ದಾನೆ, ಅದಕ್ಕೇ ಅಳ್ತಿದ್ದಾನೆ ಅಂದ್ಕೊಂಡೆ.”

ಎವರಿಸ್ತು ನಲ್ಲಿಯ ಕಟ್ಟೆಯ ಮೇಲೆ ಕೂತ. ಇಷ್ಟು ವರ್ಷ ಒಂದೇ ಬ್ರೆಡ್ಡು ಮುರಿದುಕೊಂಡು ತಿಂದವನು ತನ್ನನ್ನು ಅಂಥವನೆಂದು ಒಂದು ಗಳಿಗೆಯಲ್ಲಿ ನಂಬಿಬಿಟ್ಟಿದ್ದ.

“ನಾನು ಅಂಥವನಾ ಬೆಲ್ಮಿರೊ?”

“ನಾನು ಅಂಥವನಾ ಅಂತ ನೀನೂ ಕೇಳಲಿಲ್ಲ,” ಎಂದ ಬೆಲ್ಮಿರೊ, ಸಿಟ್ಟಿಲ್ಲದೆ. “ನಾನೇ ಅಂದ ತಕ್ಷಣ ಕೈ ಎತ್ತಿದೆ.”

ಮೀನು ನಿರಪರಾಧಿ, ಇಬ್ಬರೂ ನಿರಪರಾಧಿಗಳು, ಊರೆಲ್ಲ ನಗುತ್ತಿತ್ತು. ಎವರಿಸ್ತು ಭಾಮೈದನ ಕೈಯಿಂದ ಟೋಪಿ ತೆಗೆದುಕೊಂಡು, ಹಿಂಡಿ, ಅವನ ತಲೆಯ ಮೇಲಿಟ್ಟ. “ನಾಳೆ ಕಿರೀಟ ನೀನೇ ಹಿಡ್ಕೊಂಡು ಮೆಟ್ಟಿಲು ಹತ್ತು,” ಎಂದ. “ಹತ್ತಬೇಡ ಅಂದಿದ್ದು ನಾನು. ಹತ್ತು ಅಂತಿರೋದೂ ನಾನೇ.”

ಭಾನುವಾರ ಮಧ್ಯಾಹ್ನ ವಾದ್ಯದವರು ಓಣಿಯಲ್ಲೇ ನಿಂತು ನುಡಿಸಿದರು. ಬೆಲ್ಮಿರೊ ಎರಡೂ ಕೈಯಲ್ಲಿ ಬೆಳ್ಳಿ ತಟ್ಟೆ ಹಿಡಿದು, ಅದರ ಮೇಲೆ ಕಿರೀಟ, ಕಿರೀಟದ ತುದಿಯಲ್ಲಿ ರೆಕ್ಕೆ ಬಿಚ್ಚಿದ ಪಾರಿವಾಳ, ಒಂದೊಂದೇ ಮೆಟ್ಟಿಲು ಹತ್ತಿದ. ಎವರಿಸ್ತು ಹಿಂದಿನಿಂದ. ದೆಯೊಲಿಂದಾ ಕಪ್ಪು ರೇಷ್ಮೆಯ ಉಡುಪು ಹಾಕಿಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಕೂರು ಎಂದರೆ ಕೂರಲಿಲ್ಲ. ಕಿರೀಟಕ್ಕೆ ಮುತ್ತಿಟ್ಟಳು. ಅದು ಲೇಸಿನ ಬಟ್ಟೆಯ ಮೇಲೆ ಕೂತಿತು. ಜಪ ನಡೆಯಿತು, ಬ್ರೆಡ್ಡು ಎಲ್ಲರಿಗೂ ಸಾಲಿತು, ಆಡೆಲಿನೊ ಮೂರು ಲೋಟ ವೈನು ಕುಡಿದು ಬೆರಳಟೋಪಿಯ ಕಥೆಯನ್ನು ಎರಡು ಸಲ ಹೇಳಿ ನಗಿಸಿದ. ದೆಯೊಲಿಂದಾಳೂ ನಕ್ಕಳು. ಎವರಿಸ್ತು ಅವಳ ಮುಖವನ್ನೇ ನೋಡುತ್ತಿದ್ದ. ಇದಕ್ಕಾಗಿಯೇ ಅಲ್ಲವೇ ಎಲ್ಲ ಎಂದುಕೊಂಡ, ನಿನ್ನೆಯಿಂದ ಮೊದಲ ಸಲ ಅವನ ಎದೆ ಸ್ವಲ್ಪ ಸಡಿಲಾಯಿತು.

ಬಂದವರೆಲ್ಲ ಇಳಿದು ಹೋದರು. ಉಳಿದವರು ಮೂವರು. ಬೆಲ್ಮಿರೊ ಲೋಟಗಳನ್ನು ಎತ್ತುತ್ತಿದ್ದ.

“ಬಾಗಿಲು ಹಾಕು ತಮ್ಮಾ,” ಎಂದಳು ದೆಯೊಲಿಂದಾ. ಹಾಕಿದ. “ಈಗ ಹೇಳಿ, ನಾನು ಬೈಯಲ್ಲ. ನಿಮ್ಮಿಬ್ಬರಲ್ಲಿ ಯಾರು ಹಾಕಿದ್ದು?”

ಬೆಲ್ಮಿರೊನ ಕೈಯಲ್ಲಿ ಲೋಟಗಳು ಒಂದಕ್ಕೊಂದು ತಾಗಿದವು.

“ಯಾರೂ ಹಾಕಿಲ್ಲ,” ಎಂದ ಎವರಿಸ್ತು. “ಆಡೆಲಿನೊ ಈಗ ತಾನೇ ನಿನ್ನ ಎದುರಿಗೇ ಹೇಳಲಿಲ್ವಾ? ಅವನ ಸೀಸ ಅದರೊಳಗಿತ್ತು. ಬಾಯಿ ಹೊಲಿದ ಪೋಗಿ ಇತ್ತು. ಊರೆಲ್ಲ ನೋಡಿದೆ.”

ಮಕ್ಕಳು ಹೇಳಿದ್ದಕ್ಕೆ ತಲೆಯಾಡಿಸುವ ಹಾಗೆ ಅವಳು ತಲೆಯಾಡಿಸಿದಳು.

“ಆಡೆಲಿನೊ ಒಳ್ಳೆಯವನು. ಅವನ ಬಾಯಿ ಕೆಟ್ಟದ್ದು ಅಷ್ಟೇ. ನಾನು ಉಳಿಯಲ್ಲ ಅಂತ ಅವನಿಗೂ ಗೊತ್ತು, ಫಿಲೊಮೆನಾಗೂ ಗೊತ್ತು. ನಿನ್ನೆ ಎದುರು ಮನೆಯವಳು ಫೋನ್ ಮಾಡಿದ್ಲು. ಮೊದಲು ಸೀಸ ಅಂದ್ಲು. ಆಮೇಲೆ ಬೆಲ್ಮಿರೊ ಒಪ್ಕೊಂಡ ಅಂದ್ಲು, ನೀನು ಹೊಡೆದೆ ಅಂದ್ಲು. ಆಮೇಲೆ ಇನ್ನೊಂದು ಸಲ ಮಾಡಿ, ಎಲ್ಲ ಸರಿಹೋಯ್ತು, ಯಾರೂ ಹಾಕಿಲ್ವಂತೆ ಅಂದ್ಲು. ಅಷ್ಟು ಬೇಗ ಹೇಗೆ ಸರಿಹೋಗುತ್ತೆ ಎವರಿಸ್ತು? ನನಗೋಸ್ಕರ ಒಂದು ಊರೇ ಸುಳ್ಳು ಹೇಳ್ತಿದೆ. ನಿಮ್ಮಿಬ್ಬರನ್ನೂ ಕ್ಷಮಿಸು ಅಂತ ನಾನು ನಿನ್ನೆಯಿಂದ ದೇವರನ್ನ ಬೇಡ್ಕೋತಾನೇ ಇದ್ದೀನಿ. ಇವತ್ತೂ ಅದೇ ಬೇಡ್ಕೊಂಡೆ. ಈ ವಾರವೆಲ್ಲ ಬೇಡ್ಕೋತೀನಿ.”

ಎವರಿಸ್ತು ಬೆಲ್ಮಿರೊನನ್ನು ನೋಡಿದ. ಬೆಲ್ಮಿರೊ ಅವನನ್ನು ನೋಡಿದ. ಅಂಗಳದಲ್ಲಿ ಸೀಸ ಬಿದ್ದಾಗಲೂ ಎವರಿಸ್ತುವಿಗೆ ಹೀಗೆ ಆಗಿರಲಿಲ್ಲ. ಮಧ್ಯಾಹ್ನದಿಂದ ಅವಳು ನಕ್ಕ ನಗು, ಕಿರೀಟಕ್ಕೆ ಕೊಟ್ಟ ಮುತ್ತು, ಜಪದಲ್ಲಿ ಎಲ್ಲರಿಗಿಂತ ಮೇಲೆ ಕೇಳಿದ ಅವಳ ದನಿ, ಯಾವುದೂ ತಾನು ಅಂದುಕೊಂಡದ್ದು ಆಗಿರಲಿಲ್ಲ. ಅವಳು ತನ್ನ ಕೊನೆಯ ಕಿರೀಟದ ಮುಂದೆ ಕಳ್ಳರ ಪರವಾಗಿ ಕೂತಿದ್ದಳು.

“ಅಕ್ಕಾ, ನನ್ನ ಮಾತು ಕೇಳು,” ಎಂದು ಬೆಲ್ಮಿರೊ ಶುರು ಮಾಡಿದ. ಮುಂದೆ ಹೋಗಲಾಗಲಿಲ್ಲ. ನಾನೇ ಹಾಕಿದೆ ಎಂದು ಊರ ಮುಂದೆ ಹೇಳಿದ ಬಾಯಿ ಅದು.

ಇನ್ನು ಉಳಿದದ್ದು ಒಂದೇ ದಾರಿ. ಪವಿತ್ರಾತ್ಮದ ಕಿರೀಟದ ಮೇಲೆ ಕೈಯಿಟ್ಟು ಸುಳ್ಳು ಹೇಳಿದವನು ವರ್ಷ ದಾಟುವುದಿಲ್ಲ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಹಾಗಾಗಿ ಆ ಆಣೆಗಿಂತ ಮೇಲಿನ ಮಾತಿಲ್ಲ. ಎವರಿಸ್ತು ಮೇಜಿನ ಹತ್ತಿರ ಹೋದ. “ನೋಡು ದೆಯೊಲಿಂದಾ, ಇದರ ಮೇಲೆ ಹೇಳ್ತೀನಿ,” ಎಂದು ಕೈ ಚಾಚಿದ.

ಈಚೆಗೆ ಆಸರೆಯಿಲ್ಲದೆ ಕುರ್ಚಿ ಬಿಟ್ಟು ಏಳಲಾರದವಳು ಎಲ್ಲಿಂದಲೋ ಶಕ್ತಿ ತಂದುಕೊಂಡು ಎದ್ದು ಅವನ ಮುಂಗೈ ಹಿಡಿದುಕೊಂಡಳು.

“ಮುಟ್ಟಬೇಡ,” ಎಂದಳು. “ನನ್ನ ಹತ್ರ ಎಷ್ಟು ಬೇಕಾದ್ರೂ ಸುಳ್ಳು ಹೇಳು. ಅದರ ಮೇಲೆ ಮಾತ್ರ ಆಣೆ ಇಡಬೇಡ. ನಾನು ಹೋದ ಮೇಲೆ ನೀನಾದ್ರೂ ಇರಬೇಕು.”

ಎವರಿಸ್ತುವಿನ ಕೈ ಕಿರೀಟಕ್ಕೆ ಒಂದು ಗೇಣು ಈಚೆ ನಿಂತಿತು. ಬಿಡಿಸಿಕೊಳ್ಳಲು ಕಷ್ಟವೇನೂ ಇರಲಿಲ್ಲ, ಅವಳ ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ. ಅವನು ಬಿಡಿಸಿಕೊಳ್ಳಲಿಲ್ಲ.